ಏಕಾದಶಿಯ ವಿಮಾನ

ವಿಮಾನವೆಂದರೆ ಪ್ರಾಣ ಬಿಡುವ ಜನ ಗುಂಪು ಕಟ್ಟಿಕೊಂಡು ಹಡಗಿನಲ್ಲಿ ಪ್ರವಾಸ ಹೋದರು ಎಂದರೆ ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ. ಆ ಸಂಘದವರನ್ನು ನಾನು ಹನ್ನೆರಡು ವರ್ಷದಿಂದ ಬಲ್ಲೆ. ಮೀನು ನೋಡುವುದಕ್ಕೆ ಗುಡ್ಡ ಹತ್ತುತ್ತೇವೆ ಎಂದಿದ್ದರೂ ನಾನು ಸರಿ ಎನ್ನುತ್ತಿದ್ದೆ.

ನಾನು ಕುರುಗೋಡಿನ ವಿರೂಪಾಕ್ಷಪ್ಪ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದೆ. ವಿಮಾನದ ರೆಕ್ಕೆ, ಬಾಗಿಲು, ಚಕ್ರ ಬಿಚ್ಚುವುದು, ಜೋಡಿಸುವುದು ನನ್ನ ಕೆಲಸ. ಈಗ ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ತಿಂಗಳ ಎರಡನೇ ಭಾನುವಾರ ಗಿರಣಿಗೆ ಬೀಗ ಹಾಕಿ, ಬಳ್ಳಾರಿ ಬಸ್ಸು ಹತ್ತಿ, ಸತ್ಯನಾರಾಯಣಪೇಟೆಯ ಮಧುಸೂದನರಾಯರ ಮನೆಗೆ ಹೋಗುತ್ತೇನೆ. ಅವರ ಮಾಳಿಗೆಯ ಮೇಲೆ ವಿಮಾನಾಸಕ್ತರ ಸಂಘದ ಸಭೆ ನಡೆಯುತ್ತದೆ. ರಾಯರೇ ಅಧ್ಯಕ್ಷರು.

ಸಭೆ ಎಂದರೆ ದೊಡ್ಡದೇನೂ ಅಲ್ಲ. ಎಂಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಕೂತಿರುತ್ತೇವೆ. ಮೂವತ್ತೈದು ಸಾವಿರ ಅಡಿ ಮೇಲೆ ಯಾವುದೋ ವಿಮಾನ, ಕೆಳಗೆ ಬಳ್ಳಾರಿ ಎಂಬ ಊರಿದೆ ಎನ್ನುವ ಪರಿವೆಯೇ ಇಲ್ಲದೆ, ಸುಣ್ಣದ ಗೆರೆ ಎಳೆದುಕೊಂಡು ಹೋಗುತ್ತದೆ. ಕಾರ್ಯದರ್ಶಿ ಅಕ್ಷೋಭ್ಯ ಮೊಬೈಲು ನೋಡಿ, "ದೋಹಾದಿಂದ ಸಿಂಗಪುರ," ಎನ್ನುತ್ತಾನೆ. ರಾಯರು ಕಣ್ಣು ಮುಚ್ಚಿ ಆ ವಿಮಾನದ ರೆಕ್ಕೆಯ ಉದ್ದ, ಎಂಜಿನ್ನಿನ ಬಲ, ಸೀಟಿನ ಸಂಖ್ಯೆ ಎಲ್ಲ ಒಪ್ಪಿಸುತ್ತಾರೆ. ಖಜಾನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಅಂಕಿ ಎಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅಷ್ಟರಲ್ಲಿ ಅವರ ಹೆಂಡತಿ ಇಂದಿರಾಬಾಯಿಯವರು ಮಂಡಕ್ಕಿ ಒಗ್ಗರಣೆಯ ತಾಟು ತಂದಿಟ್ಟು ಕೆಳಗಿಳಿಯುತ್ತಾರೆ. ಹನ್ನೆರಡು ವರ್ಷದಲ್ಲಿ ಅವರು ಆ ಮಾಳಿಗೆಯ ಮೇಲೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಕೂರಿ ಎಂದವರೂ ಇಲ್ಲ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಒಮ್ಮೆ, ಸಂಘ ಶುರುವಾದ ಹೊಸದರಲ್ಲಿ, ರೆಕ್ಕೆಯ ಒಳಗೆ ಏನಿರುತ್ತದೆ ಎಂಬ ಮಾತು ಬಂತು. ನಾನು ಕೈಯಾರೆ ಬಿಚ್ಚಿ ನೋಡಿದ್ದನ್ನು ಹೇಳಹೋದೆ. ರಾಯರು ಎಲ್ಲರ ಮುಂದೆ ಕೈ ಅಡ್ಡ ಹಿಡಿದರು. "ಅದು ಓದಿ ತಿಳ್ಕೋಬೇಕಾದ್ದು, ವಿರೂಪಾಕ್ಷಪ್ಪ. ನಟ್ಟು ಬಿಗಿಯೋರಿಗೆ ತಿಳಿಯೋದಲ್ಲ," ಎಂದರು. ಉಳಿದವರು ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು. ಆ ಮಾತನ್ನು ನಾನು ಮರೆಯಲಿಲ್ಲ.

ಮರೆಯದೆ ಇದ್ದದ್ದಕ್ಕೆ ಫಲವೂ ಸಿಕ್ಕಿತು. ಕೆಲವು ವರ್ಷದ ಹಿಂದೆ ಹಂಪಿ ಉತ್ಸವದಲ್ಲಿ ಜನರನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ ಹತ್ತು ನಿಮಿಷ ಸುತ್ತಿಸುತ್ತಿದ್ದರು. ಸಂಘದಿಂದ ನಾನು, ರಾಯರು ಇಬ್ಬರೇ ಹೋಗಿದ್ದೆವು. ಸರದಿ ಬರುವ ಹೊತ್ತಿಗೆ ರಾಯರು ಪಕ್ಕದಲ್ಲಿ ಇರಲಿಲ್ಲ. ಹುಡುಕಿದೆ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಧೋತರದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಕೈ ಎರಡೂ ನಡುಗುತ್ತಿದ್ದವು. "ಬಿ.ಪಿ. ಏರೇದ," ಎಂದರು. ಬಿ.ಪಿ. ಅಲ್ಲ ಅದು, ಹೆದರಿಕೆ. ಆಮೇಲೆ ಅವರಿವರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಅಧ್ಯಕ್ಷರು ಹುಟ್ಟಿದಾಗಿನಿಂದ ವಿಮಾನ ಹತ್ತಿದವರೇ ಅಲ್ಲ. ಮಗಳು ವಿಭಾಳ ಮದುವೆಗೆ ದಿಲ್ಲಿಗೆ ಹೋದದ್ದೂ ರೈಲಿನಲ್ಲಿ. ಈ ಗುಟ್ಟನ್ನು ನಾನು ಯಾರಿಗೂ ಹೇಳದೆ, ಒಳ್ಳೆಯ ದಿನಕ್ಕೆಂದು ಕಪಾಟಿನಲ್ಲಿಟ್ಟ ರೇಷ್ಮೆ ಶಲ್ಯದಂತೆ ಜೋಪಾನ ಮಾಡಿದೆ.

ಹೋದ ಮಾಘದಲ್ಲಿ ಆ ದಿನ ಬಂತು.

ಮುಂಬಯಿಯ ಒಂದು ಪ್ರವಾಸದ ಕಂಪನಿ ವಿಮಾನಾಸಕ್ತರಿಗಾಗಿಯೇ ಹಡಗಿನ ಯಾತ್ರೆ ಏರ್ಪಡಿಸಿತ್ತು. ಮುಂಬಯಿಯಿಂದ ಗೋವಾ, ಕೊಚ್ಚಿ, ತಿರುಗಿ ಮುಂಬಯಿ. ಆರು ದಿನ. ಹಡಗಿನಲ್ಲಿ ನಿವೃತ್ತ ಪೈಲಟ್‌ಗಳ ಭಾಷಣ, ಸಮುದ್ರದ ಮೇಲೆ ಹಾದು ದಡದ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ದುರ್ಬೀನಿನಲ್ಲಿ ನೋಡುವುದು, ರಸಪ್ರಶ್ನೆ, ಊಟ. ವಿಮಾನದ ಬಗ್ಗೆ ಇಪ್ಪತ್ನಾಲ್ಕು ಗಂಟೆ ಮಾತಾಡಬಹುದು, ಹತ್ತುವ ಹಾಗಿಲ್ಲ. ರಾಯರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಇನ್ನೆಲ್ಲಿ? ಇಡೀ ಸಂಘವನ್ನು ಹೊರಡಿಸಿದರು. ದಂಪತಿಗಳಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದ್ದದ್ದರಿಂದ ಇಂದಿರಾಬಾಯಿಯವರನ್ನೂ ಕರೆದುಕೊಂಡರು. ಹೀಗೆ ಒಂಬತ್ತು ಮಂದಿ ಗುಂತಕಲ್ಲಿಗೆ ಹೋಗಿ ಮುಂಬಯಿ ರೈಲು ಹಿಡಿದೆವು.

ಎಲ್ಲರಿಗೂ ನೀಲಿ ಟೋಪಿ, ಅದರ ಮೇಲೆ ಬ್ರೂಸ್‌ಪೇಟೆಯ ದರ್ಜಿ ಹೊಲಿದ ರೆಕ್ಕೆಯ ಗುರುತು. ಹೊಲಿಯುವಾಗ ಅವನು ರೆಕ್ಕೆಯನ್ನು ತಲೆಕೆಳಗು ಮಾಡಿದ್ದ. ವಿಮಾನದ ಮೇಲೆ ಪ್ರಾಣ ಇಟ್ಟುಕೊಂಡ ಇವರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ. ನಾನು ಹೇಳಲಿಲ್ಲ. ನಟ್ಟು ಬಿಗಿಯುವವನಿಗೆ ಏನು ತಿಳಿಯುತ್ತದೆ?

ಹಡಗಿನಲ್ಲಿ ಪುಣೆ, ಹೈದರಾಬಾದು, ಚೆನ್ನೈಗಳ ಇಂಥವೇ ಸಂಘಗಳು ಬಂದಿದ್ದವು. ಮುನ್ನೂರು ಜನ ಮೂರು ದಿನ ಸಮುದ್ರದ ಕಡೆ ತಿರುಗಿಯೂ ನೋಡದೆ ಆಕಾಶ ನೋಡಿದರು. ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕ ಭೀಮರಾಜ, ನಮ್ಮ ಸಂಘದ ಉಪಾಧ್ಯಕ್ಷ, ಹೈದರಾಬಾದಿನವರಿಗೆ ತೆಲುಗಿನಲ್ಲಿ ತಾನು ಮೂರು ಸಲ ದುಬೈಗೆ ಹಾರಿದ ಕತೆ ಹೇಳಿದ. ಪ್ರತಿ ಸಲ ಹೇಳುವಾಗಲೂ ದುಬೈ ಇನ್ನಷ್ಟು ದೂರ ಸರಿಯುತ್ತಿತ್ತು. ಇಂದಿರಾಬಾಯಿಯವರು ಮಾತ್ರ ಹಡಗಿನ ಅಂಚಿನ ಕಟಾಂಜನದ ಪಕ್ಕ ಕೂತು, ಮನೆಯಿಂದ ತಂದ ಅವಲಕ್ಕಿ, ಹಣ್ಣು ತಿನ್ನುತ್ತ ನೀರು ನೋಡುತ್ತಿದ್ದರು. ಹಡಗಿನ ಅಡುಗೆಮನೆಯಲ್ಲಿ ಮಾಂಸ, ಸಾರು ಎಲ್ಲಕ್ಕೂ ಒಂದೇ ಒಲೆ. ಅವರು ಅಲ್ಲಿನ ಒಂದು ಅಗುಳೂ ಮುಟ್ಟಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವರು ಅಕ್ಷೋಭ್ಯನನ್ನು ಕರೆದರು. ಅವನು ದೂರದ ಸಂಬಂಧದಲ್ಲಿ ಅವರಿಗೆ ಸೋದರಳಿಯ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

"ಅಕ್ಷೋಭ್ಯ, ಏಕಾದಶಿ ನಾಡಿದ್ದಲ್ಲಪಾ, ನಾಳೆನ ಅದ," ಎಂದು ಚೀಲದಿಂದ ಮಠದ ಪಂಚಾಂಗ ತೆಗೆದರು.

"ಕ್ಯಾಲೆಂಡರಿನಾಗ ನಾಡಿದ್ದು ಇತ್ತಲ್ರಿ, ಅತ್ತಿ."

"ಅದು ಬಟ್ಟಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ನಾವು ನಡಿಯೋದು ಮಠದ ಪಂಚಾಂಗದ ಮ್ಯಾಲೆ."

ಅಕ್ಷೋಭ್ಯನ ಮುಖ ಬಾಡಿತು. ನಮ್ಮಂಥ ಲಿಂಗವಂತರಿಗೆ ಇದರ ಪೇಚು ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಏಕಾದಶಿ ದಿನ ರಾಯರು, ಇಂದಿರಾಬಾಯಿಯವರು, ಅಕ್ಷೋಭ್ಯ, ಈ ಮೂವರು ಮಾಧ್ವರು ತೊಟ್ಟು ನೀರೂ ಕುಡಿಯುವುದಿಲ್ಲ. ಮರುದಿನ ದ್ವಾದಶಿ ಬೆಳಿಗ್ಗೆ, ಪಂಚಾಂಗ ಹೇಳಿದ ಹೊತ್ತಿನೊಳಗೆ, ಪೂಜೆ ಮಾಡಿ ಮಡಿಯಲ್ಲಿ ಬೇಯಿಸಿದ್ದನ್ನು ಉಂಡು ಉಪವಾಸ ಮುಗಿಸಬೇಕು. ಅದಕ್ಕೆ ಪಾರಣೆ ಎನ್ನುತ್ತಾರೆ. ಹೊತ್ತು ತಪ್ಪಿದರೆ ಉಪವಾಸದ ಫಲ ಹೋಯಿತು. ಅಕ್ಷೋಭ್ಯ ಅಂಗಡಿ ಕ್ಯಾಲೆಂಡರ್ ನೋಡಿ ಬಹಳ ಜಾಣತನದಿಂದ ದಿನ ಗೊತ್ತುಮಾಡಿದ್ದ. ಐದನೆಯ ದಿನ ಸಮುದ್ರದ ಮೇಲೆ ಏಕಾದಶಿ, ಉಣ್ಣುವ ಮಾತೇ ಇಲ್ಲ. ಆರನೆಯ ದಿನ ಬೆಳಗಾಗುತ್ತಲೇ ಮುಂಬಯಿ, ಅಲ್ಲಿನ ಮಠದಲ್ಲಿ ಪಾರಣೆ. ಮಠದ ಪಂಚಾಂಗ ಅದನ್ನು ಒಂದು ದಿನ ಹಿಂದಕ್ಕೆ ಎಳೆಯಿತು. ಈಗ ದ್ವಾದಶಿ ಬೆಳಿಗ್ಗೆ ಹಡಗು ನಡುನೀರಿನಲ್ಲಿರುತ್ತದೆ.

"ನಾಳೆ ಮುಂಜಾನಿ ಕೊಚ್ಚಿ ಬರ್ತದಲ್ಲ," ಎಂದರು ಇಂದಿರಾಬಾಯಿಯವರು ಮೆಲ್ಲಗೆ. "ಅಲ್ಲೇ ಇಳಿದು ವಿಮಾನದಾಗ ಬೆಂಗಳೂರಿಗೆ ಹೋದ್ರ? ರಾತ್ರಿ ರೈಲಿಗೆ ಕೂತ್ರ ದ್ವಾದಶಿ ಬೆಳಿಗ್ಗೆ ಮನಿಯೊಳಗ ಇರ್ತೀವಿ."

ಅಕ್ಷೋಭ್ಯ ಹಡಗಿನ ಕಚೇರಿಗೆ ಓಡಿದ. ನನ್ನ ಎದೆಯಲ್ಲಿ ಸಕ್ಕರೆ ಕರಗಿತು.

ಅಂದು ಸಂಜೆ ರಾಯರ ಭಾಷಣವಿತ್ತು. ವಿಮಾನ ನೆಲ ಬಿಡುವ ಕ್ಷಣದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಚಕ್ರ ಯಾವ ವೇಗದಲ್ಲಿ ನೆಲ ಬಿಡುತ್ತದೆ, ಮೂಗು ಎಷ್ಟು ಡಿಗ್ರಿ ಏಳುತ್ತದೆ, ಒಂದಂಕಿಯೂ ತಪ್ಪಲಿಲ್ಲ. ಪುಣೆಯವನೊಬ್ಬ ಎದ್ದು, ಆ ಹೊತ್ತಿನಲ್ಲಿ ತಾವು ಯಾವ ಸೀಟಿನಲ್ಲಿ ಕೂರಲು ಇಷ್ಟಪಡುತ್ತೀರಿ ಎಂದು ಕೇಳಿದ. ರಾಯರು ಕಣ್ಣು ಪಿಳುಕಿಸದೆ ಕಿಟಕಿಯ ಪಕ್ಕ ಎಂದರು. ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕೆಂಬುದನ್ನು ಅವರಿಂದ ಕಲಿಯಬೇಕು.

ಚಪ್ಪಾಳೆ ನಿಲ್ಲುವ ಮೊದಲೇ ಅಕ್ಷೋಭ್ಯ ವೇದಿಕೆ ಹತ್ತಿದ. "ಬಳ್ಳಾರಿಯವರಿಗೆ ಒಂದು ಸಂತೋಷದ ಸುದ್ದಿ. ನಾಳೆ ಕೊಚ್ಚಿಯೊಳಗ ಇಳೀತೀವಿ. ಮಧ್ಯಾಹ್ನ ಎಲ್ಲಾರೂ ವಿಮಾನದಾಗ ಬೆಂಗಳೂರಿಗೆ. ಅಧ್ಯಕ್ಷರಿಗೆ ಕಿಟಕಿ ಪಕ್ಕದ ಸೀಟ್ ಹಿಡಿದೀನಿ."

ಮೂರು ಜನರ ಪಾರಣೆಗೆ ಒಂಬತ್ತು ಜನ ಯಾಕೆ ಇಳಿಯಬೇಕು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳುವವನೇ ಅಲ್ಲ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ರಾಯರು ಮೇಜು ಹಿಡಿದುಕೊಂಡು ನಗುತ್ತ ನಿಂತಿದ್ದರು. ಅವರು ಹತ್ತುತ್ತಾರೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿ ನನಗೆ ಸುಖವಾದ ನಿದ್ದೆ ಬಂತು.

ಕೊಚ್ಚಿಯ ವಿಮಾನ ನಿಲ್ದಾಣದಲ್ಲಿ ಸಂಘದ ಬಣ್ಣ ಒಂದೊಂದಾಗಿ ಬಯಲಾಯಿತು. ತಪಾಸಣೆಯ ಸಾಲಿನಲ್ಲಿ ಭೀಮರಾಜ ನನ್ನ ಕಿವಿಯ ಹತ್ತಿರ ಬಂದ. "ಅಣ್ಣ, ಚಪ್ಲಿ ಇಲ್ಲೇ ಬಿಡಬೇಕಾ, ಒಳಗ ಒಯ್ಯಬೌದಾ?"

"ದುಬೈಗೆ ಹೋಗುವಾಗ ಎಲ್ಲಿ ಬಿಟ್ಟಿದ್ದಿಪಾ?" ಎಂದೆ. ಅವನು ಮುಂದಿನವರ ಬೆನ್ನು ನೋಡತೊಡಗಿದ. ಇನ್ನೊಬ್ಬರು ಬೋರ್ಡಿಂಗ್ ಪಾಸನ್ನು ಮಡಚಿ, ಬಸ್ಸಿನ ಟಿಕೆಟ್ಟಿನ ಹಾಗೆ ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದರು. ಊರೂರ ವಿಮಾನಗಳ ಜಾತಕ ಬರೆದಿಟ್ಟವರು ಇವರು. ನನಗೆ ಒಂದು ಕಡೆ ನಗು, ಒಂದು ಕಡೆ ಹೇಸಿಗೆ. ಹನ್ನೆರಡು ವರ್ಷ ಇವರ ಮುಂದೆ ಬಾಯಿ ಮುಚ್ಚಿಕೊಂಡು ಕೂತೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಹತ್ತುವ ಬಾಗಿಲ ಹತ್ತಿರ ದೊಡ್ಡ ಗಾಜು. ಅದರಾಚೆ ನಮ್ಮ ವಿಮಾನ ಬಂದು ನಿಲ್ಲುತ್ತಿತ್ತು. ನಿಲ್ಲುವಾಗ ರೆಕ್ಕೆಯ ತುದಿಗಳು ಮೇಲೆ ಕೆಳಗೆ ಅಲುಗಿದವು. ರಾಯರು ಎದ್ದು ಬಂದು ನನ್ನ ಪಕ್ಕ ಕೂತರು. ಏಕಾದಶಿಯ ಬಾಯಿ, ತುಟಿ ಒಣಗಿತ್ತು. ನನ್ನ ತೋಳು ಮುಟ್ಟಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದರು.

"ವಿರೂಪಾಕ್ಷಪ್ಪನವರ, ಆ ರೆಕ್ಕಿ ಹಂಗ ಅಲಗಾಡ್ತಾವಲ್ಲ. ಗಟ್ಟಿ ಇರ್ತಾವೇನು?"

ಹನ್ನೆರಡು ವರ್ಷದಲ್ಲಿ ಅವರು ನನ್ನ ಹೆಸರಿಗೆ 'ನವರು' ಹಚ್ಚಿದ್ದು ಅದೇ ಮೊದಲು. ನಾನು ದನಿ ಎತ್ತರಿಸಿದೆ, ಎಲ್ಲರಿಗೂ ಕೇಳಲಿ ಎಂದೇ.

"ರೆಕ್ಕಿ ಎಷ್ಟು ಉದ್ದ ಅಂತ ನೀವ ಹೇಳ್ತಿದ್ರಲ್ಲ, ಅಧ್ಯಕ್ಷರ. ಗಟ್ಟಿ ಐತೋ ಇಲ್ಲೋ ಅದನ್ನೂ ನೀವ ಹೇಳ್ರಿ. ಅದು ಓದಿದವರ ವಿಷಯ. ನಾವು ಬರೇ ನಟ್ಟು ಬಿಗಿಯೋರು."

ಭೀಮರಾಜ ನಕ್ಕ. ಉಳಿದವರೂ ನಕ್ಕರು. ಎದುರು ಕೂತಿದ್ದ ಇಂದಿರಾಬಾಯಿಯವರು ನಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ರಾಯರು ನನ್ನ ತೋಳಿನಿಂದ ಕೈ ತೆಗೆದರು.

ಹತ್ತುವಂತೆ ಕರೆ ಬಂದಾಗ ರಾಯರು ಏಳಲಿಲ್ಲ. ಈ ಮಾದರಿಯ ಎಂಜಿನ್ನಿನ ಬಗ್ಗೆ ಎಲ್ಲೋ ಓದಿದ್ದೇನೆ, ನನಗೆ ಸಮಾಧಾನವಿಲ್ಲ, ರೈಲಿನಲ್ಲಿ ಬರುತ್ತೇನೆ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಮಾಷೆ ಎಂದರೆ, ಆ ಮಾತು ಅವರ ಬಾಯಿಂದ ಬಿದ್ದದ್ದೇ ತಡ, ಉಳಿದವರ ಮುಖಕ್ಕೆ ಕಳೆ ಬಂತು. "ಅಧ್ಯಕ್ಷರನ್ನ ಒಬ್ಬರನ್ನ ಬಿಟ್ಟು ಹೋಗಾಕ ಬರ್ತೈತೇನು," ಎಂದ ಭೀಮರಾಜ, ಆಗಲೇ ಚೀಲ ಹೆಗಲಿಗೇರಿಸಿ. ಅಕ್ಷೋಭ್ಯ ಪಾರಣೆಯ ಹೊತ್ತನ್ನೂ ಅಧ್ಯಕ್ಷರನ್ನೂ ಎರಡೆರಡು ಸಲ ನೋಡಿ ಕೊನೆಗೆ ಅಧ್ಯಕ್ಷರ ಕಡೆ ಸರಿದ. ಏಳು ಜನ ಎದ್ದು ನಿಂತರು. ಏಳೂ ತಲೆಕೆಳಗಾದ ರೆಕ್ಕೆಗಳು.

"ನಡಿ," ಎಂದರು ರಾಯರು ಹೆಂಡತಿಗೆ.

"ನೀವು ಹೋಗ್ರಿ," ಎಂದರು ಇಂದಿರಾಬಾಯಿಯವರು. "ನನಗ ಪಾರಣಿ ಅದ."

ರಾಯರು ಚೀಲ ಎತ್ತಿಕೊಂಡರು. ಆಮೇಲೆ ಏಳು ಜನರೂ ಹೊರಟರು. ಒಳಗೆ ಬಂದವರು ಹತ್ತದೆ ಯಾಕೆ ವಾಪಸ್ ಹೋಗುತ್ತಿದ್ದೀರಿ ಎಂದು ಪೊಲೀಸರು ಅವರನ್ನು ಅರ್ಧ ಗಂಟೆ ನಿಲ್ಲಿಸಿ ಕೇಳಿದರಂತೆ.

ಮುಂದಿನ ತಿಂಗಳ ಸಭೆಯಲ್ಲಿ ಅಕ್ಷೋಭ್ಯ ವರದಿ ಓದಿದ. 'ತಾಂತ್ರಿಕ ಕಾರಣಗಳಿಂದ ಸದಸ್ಯರು ರೈಲಿನಲ್ಲಿ ಮರಳಿದರು' ಎಂದು ಬರೆದಿದ್ದ. ಪಾರಣೆ ಏನಾಯಿತೆಂದು ಕೇಳಿದೆ. ರಾಯರೂ ಅವನೂ ಬೆಂಗಳೂರು ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ದಳ ತುಳಸಿ, ಒಂದು ಗುಟುಕು ನೀರು ತೆಗೆದುಕೊಂಡು ಮುಗಿಸಿದರಂತೆ. ಅನುಕೂಲವಿಲ್ಲದಾಗ ಬರೀ ನೀರಿನಿಂದಲೂ ಪಾರಣೆ ಆಗುತ್ತದಂತೆ, ಶಾಸ್ತ್ರದಲ್ಲೇ ಇದೆಯಂತೆ. ಹಾಗಿದ್ದರೆ ಹಡಗಿನಲ್ಲೇ ಒಂದು ಗುಟುಕು ನೀರು ಕುಡಿಯಬಹುದಿತ್ತಲ್ಲ ಎಂದೆ. ಅವನು ವರದಿಯ ಹಾಳೆ ಮಡಚಿದ. ಉತ್ತರ ನನಗೆ ಗೊತ್ತಿತ್ತು. ವಿಮಾನದಲ್ಲಿ ನಡೆದದ್ದನ್ನು ಮಾತ್ರ ನಾನು ಈವರೆಗೆ ಯಾರಿಗೂ ಹೇಳಿಲ್ಲ.

ವಿಮಾನದಲ್ಲಿ ನಮ್ಮ ಸುತ್ತ ಏಳು ಸೀಟು ಖಾಲಿ. ಇಂದಿರಾಬಾಯಿಯವರದು ನಡುವಿನ ಸೀಟು. ಕಿಟಕಿಯ ಸೀಟು ಪಕ್ಕದಲ್ಲೇ ಖಾಲಿ ಇದ್ದರೂ ಅವರು ಸರಿಯಲಿಲ್ಲ.

"ಅಲ್ಲಿ ಕುಂದರ್ರಿ ಅಮ್ಮಾರ, ಚಂದ ಕಾಣ್ತೈತಿ," ಎಂದೆ.

"ಅದು ಇವರದು," ಎಂದರು.

ಬಾಗಿಲು ಮುಚ್ಚಿದ ಮೇಲೆಯೇ ಸರಿದು ಕೂತರು. ವಿಮಾನ ಓಡತೊಡಗಿದಾಗ ಕಣ್ಣು ಮುಚ್ಚಲಿಲ್ಲ, ದೇವರ ಹೆಸರೂ ಹೇಳಲಿಲ್ಲ. ಹಣೆಯನ್ನು ಕಿಟಕಿಗೆ ಆನಿಸಿದರು. ನೆಲ ಬಿಟ್ಟಾಗ ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು. ತೆಂಗಿನ ತೋಟ, ಹೊಳೆ ಎಲ್ಲ ಕೆಳಗೆ ಉಳಿದ ಮೇಲೆ ತಾವಾಗಿಯೇ ಮಾತಾಡಿದರು.

"ನೀರಿನ ಪಾರಣಿ ನನಗ ಗೊತ್ತಿಲ್ಲ ಅಂತ ತಿಳ್ಕೊಂಡೀರೇನು, ವಿರೂಪಾಕ್ಷಪ್ಪನವರ? ನಮ್ಮಪ್ಪ ಮಠದಾಗ ಪಂಚಾಂಗ ಬರಿತಿದ್ದರು."

ನಾನು ಅವರ ಮುಖ ನೋಡಿದೆ.

"ನಲವತ್ತೆರಡು ವರ್ಷ ಆತು ಮದುವಿ ಆಗಿ. ವಿಮಾನದ ಮಾತು ಬಿಟ್ಟು ಬ್ಯಾರೆ ಮಾತಾಡಿಲ್ಲ ಇವರು. ಹೆದರ್ತಾರಂತ ನನಗೊಬ್ಬಾಕಿಗೇ ಗೊತ್ತು. ಒಮ್ಮೆ ಇಬ್ಬರೂ ಕೂಡಿ ಹತ್ತಬೇಕು ಅಂತಿತ್ತು. ಮನಿಯೊಳಗ ಹೇಳಿದ್ರ ಕೇಳೋದಿಲ್ಲ. ನಾಕು ಮಂದಿ ಎದುರಿಗೆ ಸಿಕ್ಕಿಹಾಕಿಸಿದ್ರ ಹತ್ತತಾರ ಅಂದ್ಕೊಂಡೆ. ಹತ್ತತಿದ್ರು. ಅದಕ್ಕ ಎದ್ದು ನಿಮ್ಮ ಹತ್ರ ಬಂದರು."

ಆಗ ವಿಮಾನ ಮೋಡದೊಳಕ್ಕೆ ಹೊಕ್ಕು ಕುಲುಕಿತು. ಕಿಟಕಿಯಾಚೆ ರೆಕ್ಕೆ ಮೇಲೆ ಕೆಳಗೆ ಆಡಿತು. ಇಂದಿರಾಬಾಯಿಯವರು ಸೀಟಿನ ತೋಳನ್ನು ಬಿಗಿಯಾಗಿ ಹಿಡಿದರು.

"ಆ ರೆಕ್ಕಿ ಅಲಗಾಡ್ತದಲ್ರಿ. ಗಟ್ಟಿ ಇರ್ತದೇನು?"

"ಅಲಗಾಡಬೇಕ್ರಿ ಅಮ್ಮಾರ," ಎಂದೆ. "ಅಲಗಾಡ್ಲಿ ಅಂತನ ಹಂಗ ಮಾಡಿರ್ತಾರ. ಬಿಗಿಯಾಗಿ ನಿಂತ್ರ ಮುರೀತೈತಿ. ಇಪ್ಪತ್ತು ವರ್ಷ ಇದನ್ನ ಕೈಯಾಗ ಹಿಡಿದೀನಿ. ಅಲಗಾಡೋದು ನೋಡಿದ್ರ ನಮಗ ಧೈರ್ಯ ಬರಬೇಕು."

ಅವರು ರೆಕ್ಕೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಹಿಡಿ ಸಡಿಲವಾಯಿತು.

"ಇಷ್ಟ ಮಾತು ಅವರಿಗೂ ಹೇಳಬಹುದಿತ್ತಲ್ರಿ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಮತ್ತೆ ಕಿಟಕಿಯ ಕಡೆ ತಿರುಗಿದರು.

ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಿಗೆ ಹಾಗೆ ನಾಚಿಕೆಯಾದದ್ದು ನೆನಪಿಲ್ಲ. ಕಾರಿನ ಹಿಂದೆ ಕೂತು ನಡುಗಿದ ಮನುಷ್ಯನನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಆಡಿಕೊಂಡು ನಕ್ಕಿದ್ದೆ. ಅವನು ನನ್ನ ತೋಳು ಹಿಡಿದು ಕೇಳಿದ್ದು, ಇಡೀ ಸಂಘದಲ್ಲಿ ನನಗೊಬ್ಬನಿಗೆ ಮಾತ್ರ ಗೊತ್ತಿದ್ದ ಒಂದೇ ಒಂದು ಸಂಗತಿಯನ್ನು.

ವಿಮಾನದ ಹುಡುಗಿ ನೀರು ತಂದಳು. ಇಂದಿರಾಬಾಯಿಯವರಿಗೆ ಏಕಾದಶಿ, ಬೇಡವೆಂದು ತಲೆಯಾಡಿಸಿದರು. ನಾನು ಲೋಟ ತೆಗೆದುಕೊಂಡೆ. ಬೆಂಗಳೂರು ಬರುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ, ಕುಡಿಯಲಾಗಲಿಲ್ಲ.